ಲೋಡ್ ಟ್ರೇಲರ್ ಎಳೆದು ಹೌಸಿಂಗ್ ಕಾದರೆ: ನೀರು, ಆಯಿಲ್, ಕೂಲರ್, ಲಿವರ್ ಎಲ್ಲಾ ಮಾಡಿ ನೋಡಿದ ಲೆಕ್ಕ

ನಮ್ಮೂರು ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ. ಭತ್ತದ ಕೊಯ್ಲು ಶುರುವಾದರೆ ಟ್ರ್ಯಾಕ್ಟರ್‌ಗೆ ರಾತ್ರಿ ಹಗಲು ಬಿಡುವಿಲ್ಲ. ಗದ್ದೆಯಿಂದ ಚೀಲ ಹೇರಿಕೊಂಡು ಗಂಗಾವತಿ ಮಿಲ್ಲಿಗೆ 26 ಕಿಲೋಮೀಟರ್. ಚೀಲಕ್ಕೆ 75 ಕೆಜಿ, ಟ್ರೇಲರ್‌ಗೆ 80 ಚೀಲ. ಭತ್ತದ ತೂಕವೇ 6 ಟನ್ ಆಯ್ತು. ಎಳೆಯುವುದು 50 ಎಚ್‌ಪಿ ಗಾಡಿ.

2023ರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕಾಲುವೆ ಸೇತುವೆಯ ಏರು ಹತ್ತುವಾಗ ಗೇರ್ ಬೀಳಲೇ ಇಲ್ಲ. ಸೀಟಿನ ಕೆಳಗಿಂದ ಸುಟ್ಟ ವಾಸನೆ. ಇಳಿದು ನೋಡಿದರೆ ಗೇರು, ಆಯಿಲ್ ತುಂಬಿದ ಹಿಂದಿನ ಕಬ್ಬಿಣದ ಪೆಟ್ಟಿಗೆ, ಅಂದ್ರೆ ಹೌಸಿಂಗ್‌ನ ಬ್ರೀದರ್ (ಒಳಗಿನ ಗಾಳಿ ಆಡುವ ತೂತು) ಮುಚ್ಚಳದಿಂದ ಸಣ್ಣಗೆ ಹೊಗೆ ಬರ್ತಿತ್ತು. ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟೆ, ಚುಯ್ ಅಂತ ಆವಿಯಾಯಿತು. ಆದರೆ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಹಸಿರಲ್ಲೇ ಇತ್ತು. ಆ ಮೀಟರ್ ಇಂಜಿನ್ ನೀರಿನದು. ಹಿಂದಿನ ಆಯಿಲ್ ಎಷ್ಟು ಕಾದಿದೆ ಅಂತ ಹೇಳುವ ಮೀಟರ್ ನಮ್ಮ ಗಾಡಿಯಲ್ಲಿ ಇಲ್ಲವೇ ಇಲ್ಲ.

ನಮ್ಮದರಂತಹ ಟ್ರ್ಯಾಕ್ಟರ್‌ನಲ್ಲಿ ಗೇರ್, ಡಿಫರೆನ್ಷಿಯಲ್ (ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ಗೇರ್), ನೇಗಿಲು ಎತ್ತುವ ಲಿಫ್ಟಿನ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಎತ್ತುವ ವ್ಯವಸ್ಥೆ), ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಪ್ಲೇಟ್ ಎಲ್ಲಕ್ಕೂ ಒಂದೇ ಆಯಿಲ್. ನಮ್ಮದಕ್ಕೆ 60 ಲೀಟರ್ ಹಿಡಿಯುತ್ತದೆ. ಈ ನಾಲ್ಕರಲ್ಲಿ ಯಾವುದು ಕಾದರೂ ಬಿಸಿ ಅದೇ ಆಯಿಲ್‌ಗೆ ಸೇರುತ್ತದೆ. ಹಾಗಾಗಿ "ಗೇರ್‌ಬಾಕ್ಸ್ ಕಾಯ್ತು" ಅಂದ ಮಾತ್ರಕ್ಕೆ ತಪ್ಪು ಗೇರಿನದೇ ಅಂತ ಹೇಳೋಕಾಗಲ್ಲ. ಇದು ನನಗೆ ಅರ್ಥವಾಗಲು ಎರಡು ವರ್ಷ, ಮೂರು ಸುಗ್ಗಿ ಬೇಕಾಯಿತು. ಬೇರೆಯವರಿಗೆ ಅಷ್ಟು ದಿನ ಹಿಡಿಯಬಾರದು ಅಂತ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಅಳೆದ ರೀತಿ ಮೊದಲು ಹೇಳಿಬಿಡುತ್ತೇನೆ. ಆ ಘಟನೆ ಆದ ವಾರಕ್ಕೆ ಗನ್ ಥರ್ಮಾಮೀಟರ್ ತಗೊಂಡೆ. ಹೌಸಿಂಗ್ ಮೇಲಿನ ಮಣ್ಣು ಕೆರೆದು, ಚಾಕ್‌ಪೀಸಿನಲ್ಲಿ ಮೂರು ಸುತ್ತು ಬರೆದೆ: ಗೇರ್‌ಬಾಕ್ಸ್ ಪಕ್ಕ ಒಂದು, ಎಡ ಆಕ್ಸಲ್ ಮೇಲೆ ಒಂದು, ಬಲಕ್ಕೆ ಒಂದು. ಪ್ರತಿ ಸಲ ಅದೇ ಜಾಗಕ್ಕೇ ಹಿಡಿಯಬೇಕು. ಹೊಳೆಯುವ ಪೈಪಿಗೆ ಹಿಡಿದರೆ ಸುಳ್ಳು ನಂಬರ್ ತೋರಿಸುತ್ತದೆ. ಇನ್ನೊಂದು, ಮೇ ತಿಂಗಳ 41 ಡಿಗ್ರಿಯನ್ನೂ ಡಿಸೆಂಬರಿನ 30 ಡಿಗ್ರಿಯನ್ನೂ ಹಾಗೇ ಹೋಲಿಸಿದರೆ ನ್ಯಾಯವಲ್ಲ. ಅದಕ್ಕೆ ಹೊರಗಿನ ಗಾಳಿಗಿಂತ ಎಷ್ಟು ಡಿಗ್ರಿ ಜಾಸ್ತಿ ಅಂತ ಬರೆದಿಟ್ಟೆ. ಲೋಡ್ ಅದೇ 80 ಚೀಲ, ದಾರಿ ಅದೇ, ಮಿಲ್ ಗೇಟಿನ ಮುಂದೆ ಅಳತೆ.

ಮೊದಲ ಅಳತೆ 112 ಡಿಗ್ರಿ. ಅವತ್ತಿನ ಬಿಸಿಲು 41. ಅಂದ್ರೆ 71 ಜಾಸ್ತಿ. ಇದು ಬೀಡು ಕಬ್ಬಿಣದ ಮೇಲ್ಮೈ, ಒಳಗಿನ ಆಯಿಲ್ ಇದಕ್ಕಿಂತ ಬಿಸಿ ಇರುತ್ತದೆ.

ಎಲ್ಲರೂ ಮಾಡುವ ಉಪಾಯವನ್ನೇ ಮೊದಲು ಮಾಡಿದೆ. ನಿಲ್ಲಿಸಿ ತಣಿಸುವುದು. ಬೇವಿನ ಮರದ ಕೆಳಗೆ 40 ನಿಮಿಷ ನಿಂತರೆ 112 ಇದ್ದದ್ದು 97ಕ್ಕೆ ಇಳಿಯಿತು, ಅಷ್ಟೇ. 60 ಲೀಟರ್ ಆಯಿಲ್, ಸುತ್ತ ಅಷ್ಟು ದಪ್ಪ ಬೀಡು. ಬಿಸಿ ಹಿಡಿದರೆ ಸುಲಭಕ್ಕೆ ಬಿಡಲ್ಲ. ಮತ್ತೆ ಹೊರಟು ಐದಾರು ಕಿಲೋಮೀಟರ್ ಹೋಗುವಷ್ಟರಲ್ಲಿ ಮೊದಲಿನಷ್ಟೇ ಕಾಯಿತು. ಕೊಯ್ಲು ಮಷೀನ್ ಗದ್ದೆಯಲ್ಲಿ ಕಾಯುತ್ತಿರುವಾಗ ಟ್ರಿಪ್ಪಿಗೆ 40 ನಿಮಿಷ ಎಲ್ಲಿಂದ ತರೋದು?

ಅದಕ್ಕೆ ಕಾಲುವೆ ನೀರು ಕೊಡದಲ್ಲಿ ತಂದು ಹೌಸಿಂಗ್ ಮೇಲೆ ಸುರಿದೆವು. ಹಸಿ ಗೋಣಿಚೀಲ ಹೊದಿಸಿದೆವು. ಬೇಗ ಇಳಿಯಿತು, ನಿಜ. ಆದರೆ ದಯವಿಟ್ಟು ಇದನ್ನು ಮಾಡಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ ಒಂದು. ಅದಕ್ಕಿಂತ ದೊಡ್ಡದು, ಒಳಗಿನ ಬಿಸಿ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗಿದಾಗ ಬ್ರೀದರ್ ಹೊರಗಿನಿಂದ ಎಳೆದುಕೊಳ್ಳುತ್ತದೆ. ಸುತ್ತ ನೀರು ನಿಂತಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ಗದ್ದೆ ಹದ ಮಾಡಲು ಕೆಸರಲ್ಲಿ ಓಡುವ ಕಬ್ಬಿಣದ ಕೇಜ್‌ವೀಲ್ ಹಾಕಿ ಇಳಿಸಿದೆವು. ಆಮೇಲೆ ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಎಳೆದರೆ ಆಯಿಲ್ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದೆಯಾ ಅಂತ ನೋಡಲು ಮೇಸ್ತ್ರಿ ಒಂದು ಪರೀಕ್ಷೆ ತೋರಿಸಿಕೊಟ್ಟರು. ಹಳೆ ರೊಟ್ಟಿ ಹಂಚನ್ನು ಒಲೆ ಮೇಲಿಟ್ಟು ಕಾಯಿಸಿ, ಕಡ್ಡಿಯ ತುದಿಯಿಂದ ಒಂದೇ ಹನಿ ಆಯಿಲ್ ಬಿಡಿಸಿದರು. ಚಟಪಟ ಅಂತ ಸಿಡಿಯಿತು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ನೀರಿಲ್ಲದ ಆಯಿಲ್ ಸದ್ದು ಮಾಡದೆ ಹರಡಿ ಹೊಗೆಯಾಡುತ್ತದೆ. ಮುಖ ದೂರ ಇಟ್ಟುಕೊಂಡು ಮಾಡಿ, ಕಣ್ಣಿಗೆ ಸಿಡಿಯುತ್ತದೆ. ನೀರು ನಾನು ಸುರಿದದ್ದೋ ಗದ್ದೆಯದೋ, ಎರಡೂ ಸೇರಿರಬೇಕು. ಅಷ್ಟೂ ಆಯಿಲ್ ಇಳಿಸಲೇಬೇಕಾಯಿತು.

ಎರಡನೇ ಪ್ರಯೋಗ ಇಲ್ಲಿಂದ ಶುರು. ಒಂದು ಅಂಗಡಿಯಲ್ಲಿ, "ದಪ್ಪ ಆಯಿಲ್ ಹಾಕ್ರಿ, 90 ನಂಬರ್ ಗೇರ್ ಆಯಿಲ್ ಕಾಯಂಗಿಲ್ಲ" ಅಂದರು. ಲಾರಿ ಗೇರ್‌ಬಾಕ್ಸಿಗೆ ಹಾಕುವುದು ಇದಕ್ಕೂ ಆದೀತು ಅಂತ ನಂಬಿ ತುಂಬಿಸಿದೆ. ನವೆಂಬರ್ ಕೊಯ್ಲಿನಲ್ಲಿ ಹೊರಗೆ 31 ಡಿಗ್ರಿ ಇದ್ದಾಗ ಹೌಸಿಂಗ್ 107. ಅಂದ್ರೆ 76 ಜಾಸ್ತಿ, ಮೊದಲಿಗಿಂತ ಹೆಚ್ಚು! ಕಾರಣ ಯೋಚಿಸಿದರೆ ಸರಳ. ದಪ್ಪ ಆಯಿಲ್ ಒಳಗೆ ಗೇರ್ ತಿರುಗುವುದು ಅಂದರೆ ನೀರು ಮಜ್ಜಿಗೆ ಬಿಟ್ಟು ಗಟ್ಟಿ ಮೊಸರು ಕಡೆದ ಹಾಗೆ. ಆ ತ್ರಾಸೇ ಬಿಸಿಯಾಗುತ್ತದೆ. ಜೊತೆಗೆ ಬೆಳಿಗ್ಗೆ ಲಿಫ್ಟ್ ಏಳಲು ತಡ, ಪಂಪ್ ಗೊರಗೊರ ಅನ್ನುತ್ತಿತ್ತು, ಬ್ರೇಕ್ ಒತ್ತಿದರೆ ಕಿರ್ ಅಂತ ನಡುಗುತ್ತಿತ್ತು. ಆಯಿಲ್‌ನಲ್ಲಿ ಮುಳುಗಿದ ಬ್ರೇಕ್‌ಗೆ ಬೇಕಾದ ಗುಣ ಆ ಗೇರ್ ಆಯಿಲ್‌ನಲ್ಲಿ ಇರಲಿಲ್ಲ. ಗಾಡಿಯ ಪುಸ್ತಕದಲ್ಲಿ ಬರೆದಿದ್ದ ಟ್ರಾನ್ಸ್‌ಮಿಷನ್ ಆಯಿಲ್ ಬೇರೆ. ಗೇರ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಹೊಂದುವಂತೆ ಮಾಡಿದ್ದು ಅದು.

ಡಿಸೆಂಬರ್‌ನಲ್ಲಿ ಅದನ್ನು ತಂದು, ಜಾಲರಿ ಫಿಲ್ಟರ್ ತೊಳೆದು, ಮತ್ತೆ 60 ಲೀಟರ್ ಹಾಕಿದೆ. ಸಲಕ್ಕೆ 15 ಸಾವಿರದ ಆಸುಪಾಸು, ಎರಡು ಸಲ. ಹೊಟ್ಟೆ ಉರಿಯಿತು. ಆದರೆ ಅಳತೆ 94ಕ್ಕೆ ಬಂತು. ಹೊರಗೆ 30, ಅಂದ್ರೆ 64 ಜಾಸ್ತಿ. ಗೇರ್ ಬೆಣ್ಣೆಯ ಹಾಗೆ ಬೀಳತೊಡಗಿತು. ಮಟ್ಟವೂ ಮುಖ್ಯ. ಕಡ್ಡಿಯ ಮೇಲಿನ ಗೆರೆ ದಾಟಿ "ಇರಲಿ ಒಂದೆರಡು ಲೀಟರ್" ಅಂತ ಹೆಚ್ಚು ಹಾಕಿದರೆ ಗೇರ್‌ಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ಅದೂ ಕಾಯುತ್ತದೆ. ಪುಸ್ತಕದಲ್ಲಿ 1000 ಗಂಟೆಗೆ ಬದಲಿಸಿ ಅಂತಿದೆ. ಕೇಜ್‌ವೀಲ್ ಕೆಲಸ ಮಾಡುವ ಗಾಡಿಗೆ ನಾನು ಅಷ್ಟು ಕಾಯುವುದಿಲ್ಲ. ಪ್ರತಿ ಸುಗ್ಗಿಗೆ ಮುಂಚೆ ಹಂಚಿನ ಪರೀಕ್ಷೆ ಮಾಡುತ್ತೇನೆ. ಆಯಿಲ್‌ನ ಬಿಸಿ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಅನ್ನುವ ಲೆಕ್ಕ ಮೆಕ್ಯಾನಿಕ್‌ಗಳಲ್ಲಿ ಚಾಲ್ತಿಯಲ್ಲಿದೆ. ಒಂದು ಸಲ ಚೆನ್ನಾಗಿ ಸುಟ್ಟ ವಾಸನೆ ಬಂದ ಆಯಿಲ್‌ಗೆ ಗಂಟೆ ಲೆಕ್ಕ ಹಿಡಿದು ಕೂರಬಾರದು.

2024ರ ಬೇಸಿಗೆಯಲ್ಲಿ ನಮಗೆ ಭತ್ತ ಇರಲಿಲ್ಲ, ಗಾಡಿ ನಿಂತಿತ್ತು. ಆ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಮುಂದಿನ ಬೆಳೆಯೂ ಹೋಯ್ತು ಅಂತ ಊರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿತ್ತು. ಮಳೆ ಕೈಹಿಡಿಯಿತು, ಡ್ಯಾಮ್ ಮತ್ತೆ ತುಂಬಿತು. 2025ರ ಬೇಸಿಗೆ ಬೆಳೆ ನಂಬಿಕೊಂಡು ನಾನು ಆಯಿಲ್ ಕೂಲರ್‌ಗೆ ದುಡ್ಡು ಹಾಕಿದೆ.

ಗುಜರಿಯಿಂದ ಹಳೆ ಮಷೀನಿನ ಕೂಲರ್, 12 ವೋಲ್ಟ್ ಫ್ಯಾನ್, ಹೊಸ ಹೋಸ್‌ಗಳು, ಲೇತ್ ಕೆಲಸ ಸೇರಿ 16 ಸಾವಿರ. ಇಲ್ಲಿ ಒಂದು ಎಚ್ಚರಿಕೆ. ಕೂಲರ್ ಇರಬೇಕಾದ್ದು ಆಯಿಲ್ ವಾಪಸ್ ಬರುವ ಕಡಿಮೆ ಒತ್ತಡದ ಪೈಪಿನಲ್ಲಿ. ಪಂಪಿನಿಂದ ಲಿಫ್ಟಿಗೆ ಹೋಗುವ ಪೈಪಿಗೆ ಜೋಡಿಸಿದರೆ ಆ ಒತ್ತಡಕ್ಕೆ ಕೂಲರ್ ಒಡೆದು ಕಾದ ಆಯಿಲ್ ಮೈಮೇಲೆ ಬರುತ್ತದೆ. ಗೊತ್ತಿರುವ ಹೈಡ್ರಾಲಿಕ್ ಮೇಸ್ತ್ರಿಯಿಂದಲೇ ಮಾಡಿಸಿ.

ಫಲ ಚೆನ್ನಾಗಿತ್ತು. 40 ಡಿಗ್ರಿ ಬಿಸಿಲಲ್ಲಿ ಹೌಸಿಂಗ್ 87. ಅಂದ್ರೆ 47 ಮಾತ್ರ ಜಾಸ್ತಿ. ಖುಷಿಯಾಯಿತು. ಮೂರನೇ ದಿನಕ್ಕೆ ಅದೇ ಲೋಡಿಗೆ 99! ಬ್ಯಾಟರಿ ಲೈಟ್ ಹಿಡಿದು ನೋಡಿದರೆ ಕೂಲರ್ ರೆಕ್ಕೆಗಳ ನಡುವೆ ಭತ್ತದ ಹೊಟ್ಟು ಮೆತ್ತೆ ಹಾಕಿದಂತೆ ತುಂಬಿತ್ತು. ಎಲ್ಲಿಯೋ ಒಂದು ಕಡೆ ಆಯಿಲ್ ಜಿನುಗಿ, ಅದಕ್ಕೆ ಧೂಳು ಅಂಟಿ, ಅದರ ಮೇಲೆ ಹೊಟ್ಟು ಕೂತಿತ್ತು. ದಿನಾ ಸಂಜೆ ಗಾಳಿ ಹೊಡೆದು ಸ್ವಚ್ಛ ಮಾಡುವುದೇ ಒಂದು ಕೆಲಸವಾಯಿತು. ಕೊಯ್ಲಿನ ಕಾಲದಲ್ಲಿ ಕೂಲರ್ ಹಾಕುವವರು ಅದರ ಮುಂದೆ ಸಣ್ಣ ಜಾಲರಿ ಹಾಕಿಸಲೇಬೇಕು.

ಕೊನೆಗೆ ದಾರಿ ಸಿಕ್ಕಿದ್ದು ದುಡ್ಡಿನಿಂದಲ್ಲ. ಮಿಲ್ಲಿನಲ್ಲಿ ಪಾಳಿ ಕಾಯುತ್ತಿದ್ದಾಗ ಹಿರಿಯ ಡ್ರೈವರ್ ಕಾಕಾ ಒಬ್ಬರು ನನ್ನ ಗಾಡಿ ಪಕ್ಕ ನಿಂತರು. ಇಂಜಿನ್ ಸ್ಲೋದಲ್ಲಿ ಓಡುತ್ತಿತ್ತು.

"ತಮ್ಮಾ, ಲಿವರ್ ಯಾಕ ಮ್ಯಾಲಿಟ್ಟಿ? ಝುಂಯ್ ಅನ್ನೋದು ಕೇಳಸವಲ್ದೇನು?"

"ಲಿಫ್ಟ್ ತೋಳು ಕೆಳಗ ಬಡೀಬಾರದು ಅಂತ ಇಟ್ಟೀನ್ರಿ ಕಾಕಾ."

"ತೋಳು ಸರಪಳಿಲೇ ಕಟ್ಟೀದಿ, ಮತ್ತ ಲಿವರ್ ಎತ್ತೀದಿ. ಅದು ಏಳಾಕ ನೋಡತೈತಿ, ಸರಪಳಿ ಬಿಡವಲ್ದು. ಎಣ್ಣಿ ಎಲ್ಲಿ ಹೋಗಬೇಕು?"

ಅವರೇ ಕೈ ಹಾಕಿ ಲಿಫ್ಟಿನ ಲಿವರ್ ಕೆಳಗೆ ಬಿಟ್ಟರು. ಝುಂಯ್ ನಿಂತಿತು. ಅಷ್ಟು ದಿನ ಅದು ಇಂಜಿನ್ ಸದ್ದು ಅಂದುಕೊಂಡಿದ್ದೆ. ತೋಳುಗಳು ಅಲುಗಾಡದಿರಲಿ ಅಂತ ಗಿಡ್ಡ ಸರಪಳಿಯಿಂದ ಕೆಳಗೆ ಬಿಗಿದಿದ್ದೆವು. ಲಿವರ್ ಮೇಲಿದ್ದಾಗ ಪಂಪ್ ಎತ್ತಲು ಒತ್ತುತ್ತದೆ, ತೋಳು ಏಳಲ್ಲ. ಒತ್ತಡ ಮಿತಿ ಮೀರಿ ರಿಲೀಫ್ ವಾಲ್ವ್ ತೆರೆದುಕೊಂಡು ಆಯಿಲ್ ಅದರ ಸಣ್ಣ ಸಂದಿಯಲ್ಲಿ ನುಗ್ಗುತ್ತಲೇ ಇರುತ್ತದೆ. ಕೆಲಸ ಏನೂ ಆಗಲ್ಲ, ಪಂಪಿನ ಶಕ್ತಿಯೆಲ್ಲ ಬಿಸಿಯಾಗುತ್ತದೆ. ಗಂಗಾವತಿ ಮುಟ್ಟುವವರೆಗೂ ಹೀಗೇ. ಹೈಡ್ರಾಲಿಕ್‌ನಿಂದ ಎದ್ದು ಲೋಡ್ ಸುರಿಯುವ ಟಿಪ್ಪಿಂಗ್ ಟ್ರೇಲರ್ ಇರುವವರು ಅದರ ಲಿವರನ್ನು ನ್ಯೂಟ್ರಲ್‌ಗೆ ತರದೆ ಬಿಟ್ಟರೂ ಇದೇ ಕತೆ.

ಮರುದಿನ ಕೂಲರ್ ಬೈಪಾಸ್ ಮಾಡಿ, ಲಿವರ್ ಕೆಳಗಿಟ್ಟು ಅದೇ ಲೋಡ್ ಹೊಡೆದೆ. 41 ಡಿಗ್ರಿಯಲ್ಲಿ 92. ಅಂದ್ರೆ 51 ಜಾಸ್ತಿ. ಸರಿಯಾದ ಆಯಿಲ್ ಹಾಕಿದಾಗ 64 ಇತ್ತು. ಒಂದು ಲಿವರಿಗೆ 13 ಡಿಗ್ರಿ, ಖರ್ಚು ಸೊನ್ನೆ.

ಅವತ್ತೇ ಇನ್ನೊಂದು ಕಣ್ಣಿಗೆ ಬಿತ್ತು. ಬಲ ಆಕ್ಸಲ್ ಸುತ್ತು ಎಡಕ್ಕಿಂತ 14 ಡಿಗ್ರಿ ಜಾಸ್ತಿ. ಹಳೆ ಪಟ್ಟಿ ತಿರುವಿದರೆ ಮೊದಲಿಂದಲೂ ಬಲ ಬದಿಯೇ ಹೆಚ್ಚು, ನಾನು ಗಮನ ಕೊಟ್ಟಿರಲಿಲ್ಲ. ಟ್ರೇಲರ್ ಬಿಚ್ಚಿ, ನ್ಯೂಟ್ರಲ್‌ನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಬಲ ಚಕ್ರ ಜಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದೆ. ಬಿಗಿ. ಎಡದ್ದು ಸಲೀಸಾಗಿ ತಿರುಗಿತು. ಬಲ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಿತ್ತು. ಪೆಡಲ್ ರಾಡ್ ಅಡ್ಜಸ್ಟ್ ಮಾಡಿ, ಎಡ ಬಲ ಎರಡೂ ಬ್ರೇಕ್ ಪೆಡಲ್‌ಗೆ ಸಮ ಆಟ (ಸಡಿಲು) ಕೊಟ್ಟ ಮೇಲೆ ಹೌಸಿಂಗ್ 80ಕ್ಕೆ ಬಂತು. ಗಾಳಿಗಿಂತ 39 ಜಾಸ್ತಿ, ಕೂಲರ್ ಇಲ್ಲದೆ. ನಮ್ಮ ಕಡೆ ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. 6 ಟನ್ ನಿಲ್ಲಿಸುವ ಭಾರವೆಲ್ಲ ಟ್ರ್ಯಾಕ್ಟರ್ ಬ್ರೇಕ್ ಮೇಲೆ, ಅದರ ಬಿಸಿಯೆಲ್ಲ ಇದೇ ಆಯಿಲ್‌ಗೆ. ಸೇತುವೆ ಇಳಿಜಾರಿನಲ್ಲಿ ಪೆಡಲ್ ಮೇಲೆ ಕಾಲಿಟ್ಟೇ ಇಳಿಸುವ ಬದಲು, ಮೊದಲೇ ಚಿಕ್ಕ ಗೇರಿಗೆ ಬಂದು ಇಂಜಿನ್ ಹಿಡಿತದಲ್ಲಿ ಇಳಿಸಿ. ನ್ಯೂಟ್ರಲ್ ಮಾಡಿ ಇಳಿಸುವುದಂತೂ ಬೇಡವೇ ಬೇಡ, ಜೀವಕ್ಕೇ ಅಪಾಯ.

ಲೋಡ್ ಇಳಿಸಿಯೂ ನೋಡಿದೆ. 80 ಬದಲು 60 ಚೀಲ ಹಾಕಿದರೆ ಏಳೆಂಟು ಡಿಗ್ರಿ ಕಮ್ಮಿ, ಆದರೆ ಮೂರು ಟ್ರಿಪ್ಪಿನ ಚೀಲಕ್ಕೆ ನಾಲ್ಕು ಟ್ರಿಪ್, ಒಂದು ಟ್ರಿಪ್ಪಿನ ಡೀಸೆಲ್ ಹೆಚ್ಚು. ರಾತ್ರಿ ಓಡಿಸಿದರೆ ಹೊರಗಿನ ಗಾಳಿ ತಂಪಿದ್ದಷ್ಟು ಲಾಭ. ಹಿಂದೆ ರೇಡಿಯಂ ಸ್ಟಿಕ್ಕರ್, ಲೈಟ್ ಸರಿಯಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ಆಟೊಮ್ಯಾಟಿಕ್ ಗೇರಿನ ಪಿಕಪ್‌ನಲ್ಲಿ ಟ್ರೇಲರ್ ಎಳೆಯುವವರ ಲೆಕ್ಕ ಬೇರೆ. ಅಲ್ಲಿ ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಆಯಿಲ್ ಜಾರುವುದರಿಂದಲೇ ಬಿಸಿ ಹುಟ್ಟುತ್ತದೆ, ಅದು ತಪ್ಪಲ್ಲ, ಅದರ ಕೆಲಸದ ರೀತಿ. ಅವರಿಗೆ ಒಳ್ಳೆಯ ಕೂಲರ್ ಮೊದಲು ಬೇಕು. ನಮ್ಮಂಥ ಗೇರಿನ ಗಾಡಿಗೆ ಅದು ಕೊನೆಯ ಮಾತು.

ನಾನು ಕೂಲರ್ ಬಿಚ್ಚಿ ಪಕ್ಕದ ಹೊಲದ ಅಣ್ಣನಿಗೆ ಕೊಟ್ಟೆ. ಅವರದು ಟಿಪ್ಪಿಂಗ್ ಟ್ರೇಲರ್. ದಿನಕ್ಕೆ ಹತ್ತಿಪ್ಪತ್ತು ಸಲ ಮಣ್ಣು ಎತ್ತಿ ಸುರಿಯುತ್ತಾರೆ, ಹೈಡ್ರಾಲಿಕ್‌ಗೆ ನಿಜವಾದ ದುಡಿಮೆ ಇದೆ. ಲಿವರ್, ಬ್ರೇಕ್ ಎರಡೂ ಮೊದಲು ನೋಡಿಯೇ ಜೋಡಿಸಿದೆವು. ಈ ಸಲ ಮುಂದೆ ಜಾಲರಿಯೂ ಇದೆ. ಅವರ ಹೌಸಿಂಗ್ ಮೇಲೂ ಮೂರು ಚಾಕ್‌ಪೀಸ್ ಸುತ್ತು ಬರೆದಿದ್ದೇನೆ. ಸಂಜೆ ಫೋನ್ ಮಾಡಿ ನಂಬರ್ ಹೇಳುತ್ತಾರೆ, ನಾನು ನನ್ನ ಪಟ್ಟಿಯಲ್ಲೇ ಬರೆದುಕೊಳ್ಳುತ್ತೇನೆ.