ಡಗ್ಗಾದ ಕಿವಿಯಿಂದ ಎರಡು ಸಬ್‌ವೂಫರ್

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯಲ್ಲಿ ಸಂಗೀತಕ್ಕೆಂದೇ ಬಿಟ್ಟುಕೊಂಡ ಕೋಣೆ 16 ಅಡಿ ಉದ್ದ, 11 ಅಡಿ ಅಗಲ. ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಕೇಳುವುದು ಹೆಚ್ಚಾಗಿ ಹಿಂದುಸ್ತಾನಿ ಗಾಯನ. ಅದಕ್ಕೆ ಸಬ್‌ವೂಫರ್, ಅಂದರೆ ಮಂದ್ರದ ಸದ್ದಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಗಾಯಕರ ಷಡ್ಜ ಹಾರ್ಮೋನಿಯಂನ ಕರಿ ಒಂದರಲ್ಲಿದ್ದರೆ ತಂಬೂರಿಯ ಮಂದ್ರ ಷಡ್ಜ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಪುಸ್ತಕದ ಕಪಾಟಿನಲ್ಲಿ ಕೂರುವ ಸಣ್ಣ ಸ್ಪೀಕರ್‌ಗಳು ಅಲ್ಲಿಗೆ ಇಳಿಯುವಷ್ಟರಲ್ಲಿ ಸೋತಿರುತ್ತವೆ.

ಹೋಲಿಸಿ ನೋಡಿದ್ದು ಎರಡು ಪೆಟ್ಟಿಗೆಗಳನ್ನು. ಒಂದು ನಮ್ಮದೇ 10 ಇಂಚಿನ ಸೀಲ್ಡ್, ಅಂದರೆ ಪೂರ್ತಿ ಮುಚ್ಚಿದ್ದು. ಇನ್ನೊಂದು ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ಷಡ್ಡಕರಿಂದ ತಂದ 12 ಇಂಚಿನ ಪೋರ್ಟೆಡ್, ಗಾಳಿ ಆಡಲು ಕೊಳವೆ ಇರುವಂಥದ್ದು. ಸಿನಿಮಾ ಹಾಕಿದರೆ ಪೋರ್ಟೆಡ್ ಪೆಟ್ಟಿಗೆಯದೇ ಮೇಲುಗೈ; ಅದರಲ್ಲಿ ಎರಡು ಮಾತಿಲ್ಲ. ಕೊಳವೆಯ ಸಹಾಯದಿಂದ ಅಷ್ಟೇ ವ್ಯಾಟ್‌ನಲ್ಲಿ ಹೆಚ್ಚು ಸದ್ದು ಹೊರಡುತ್ತದೆ. ಆದರೆ ಕೊಳವೆಯ ಶ್ರುತಿಗಿಂತ, ಅಂದರೆ ಅದನ್ನು ಹೊಂದಿಸಿರುವ ಹರ್ಟ್ಸ್‌ಗಿಂತ, ಕೆಳಗೆ ಇಳಿದಾಗ ಸದ್ದು ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಸೀಲ್ಡ್‌ನಲ್ಲಿ ಕುಸಿತ 12 ಡೆಸಿಬೆಲ್, ಸಣ್ಣ ಕೋಣೆಯೇ ಅದಕ್ಕೆ ಒಂದಿಷ್ಟು ಕೈ ಹಿಡಿಯುತ್ತದೆ.

ತಬಲಾ ಶುರುವಾದಾಗ ಲೆಕ್ಕ ತಿರುಗಿತು. ತಬಲಾ ವಾದಕರು ಜೋಡಿಯ ಎಡಗೈ ವಾದ್ಯವಾದ ಡಗ್ಗಾದ ಮೇಲೆ ಅಂಗೈಯ ಬುಡವನ್ನು ಒತ್ತಿ ಜಾರಿಸಿದಾಗ ‘ಘೇ’ ಸ್ವರವೇ ಬಾಗಿ ಏರುತ್ತದೆ. ಸೀಲ್ಡ್ ಪೆಟ್ಟಿಗೆಯಲ್ಲಿ ಆ ಬಾಗು ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದು ಸ್ಪಷ್ಟ. ಪೋರ್ಟೆಡ್‌ನಲ್ಲಿ ಅದರ ಬಾಲ ಉಳಿದುಕೊಂಡು ಮುಂದಿನ ಬೋಲಿಗೆ, ಅಂದರೆ ತಬಲಾದ ನುಡಿಗೆ, ಅಂಟಿಕೊಳ್ಳುತ್ತಿತ್ತು. ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ಅದನ್ನು ಸಹಿಸಬಹುದು, ವೇಗದ ದ್ರುತ್ ತೀನತಾಲದಲ್ಲಿ ಆಗುವುದಿಲ್ಲ. ಕೊಳವೆಗೆ ಸ್ಪಂಜು ತುರುಕಿದರೆ ಪೋರ್ಟೆಡ್ ಕೂಡ ಬಹುಮಟ್ಟಿಗೆ ಸುಧಾರಿಸುತ್ತದೆ, ಆದರೆ ಆಗ ಕೊಳವೆಗೆ ಕೊಟ್ಟ ದುಡ್ಡಿಗೆ ಅರ್ಥ ಉಳಿಯುವುದಿಲ್ಲ.

ಇಷ್ಟಾದರೂ ಪೆಟ್ಟಿಗೆಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಅದನ್ನು ಇಟ್ಟ ಜಾಗ. ಎಲ್ಲರೂ ಹೇಳುವುದು ಮೂಲೆ. ಮೂಲೆಯಲ್ಲಿ ಸದ್ದು ಹೆಚ್ಚು ಬರುವುದು ನಿಜ, ಏಕೆಂದರೆ ಅದು ಕೋಣೆಯ ಎಲ್ಲ ಅನುರಣನಗಳನ್ನೂ, ಅಂದರೆ ಗೋಡೆಗಳ ನಡುವೆ ಪುಟಿದು ಉಬ್ಬುವ ಹರ್ಟ್ಸ್‌ಗಳನ್ನು, ಒಟ್ಟಿಗೆ ಎಬ್ಬಿಸುತ್ತದೆ. 16 ಅಡಿ ಉದ್ದಕ್ಕೆ ಮೊದಲ ಅನುರಣನ 35 ಹರ್ಟ್ಸ್, ಎರಡನೆಯದು 70. ತಂಬೂರಿಯ ಮಂದ್ರ ಷಡ್ಜ ಇರುವುದೂ ಅಲ್ಲಿಯೇ! ಹಿಂದಿನ ಗೋಡೆಗೆ ಒರಗಿ ಕುಳಿತರೆ ತಂಬೂರಿ ಗುಂಯ್‌ಗುಡುತ್ತಿತ್ತು, ಗಾಜಿನ ಅಲ್ಮಾರಿಯೂ ದನಿ ಕೂಡಿಸುತ್ತಿತ್ತು. ಉದ್ದನೆಯ ಗೋಡೆಯ ನಟ್ಟನಡುವೆ ಇಟ್ಟೆ: 35 ಅಡಗಿತು, 70 ಹಾಗೆಯೇ ಉಳಿಯಿತು. ಅದೇ ಗೋಡೆಗುಂಟ, ಎದುರು ಗೋಡೆಯಿಂದ 4 ಅಡಿ ದೂರಕ್ಕೆ, ಅಂದರೆ ಉದ್ದದ ಕಾಲುಭಾಗಕ್ಕೆ ತಂದಾಗ 70ರ ಉಬ್ಬು ಕರಗಿತು. ಎರಡನೆಯ ಅನುರಣನದ ಒತ್ತಡ ಆ ಬಿಂದುವಿನಲ್ಲಿ ಶೂನ್ಯ. ಅಲ್ಲಿ ಕುಳಿತ ಪೆಟ್ಟಿಗೆ ಅದನ್ನು ಎಬ್ಬಿಸಲಾರದು. ಅಗಲದ ಅನುರಣನ 51 ಹರ್ಟ್ಸ್. ನಾವು ಕೋಣೆಯ ಅಗಲದ ನಡುವೆ ಕೂರುವುದರಿಂದ ಅದರ ಕಾಟ ಕಿವಿಗೆ ಮುಟ್ಟುವುದಿಲ್ಲ. ಕುರ್ಚಿಯನ್ನೂ ಹಿಂದಿನ ಗೋಡೆಯಿಂದ ಎರಡಡಿ ಮುಂದಕ್ಕೆ ಎಳೆದುಕೊಂಡಿದ್ದೇನೆ.

ಮಾಳಮಡ್ಡಿಯ ಹಳೆಯ ಹಂಚಿನ ಮನೆಗಳಲ್ಲಿ ಇಷ್ಟು ಒದ್ದಾಟ ಬೇಕಿಲ್ಲ. ಸೋದರಮಾವನವರ ಮನೆಯಲ್ಲಿ ಇದೇ ಪೆಟ್ಟಿಗೆ ಮೂಲೆಯಲ್ಲಿದ್ದರೂ ತಕರಾರು ಮಾಡಲಿಲ್ಲ, ಏಕೆಂದರೆ ಹಂಚು ಮಂದ್ರದ ಸದ್ದನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ನೆರೆಯವರ ನಿದ್ದೆಯ ವಿಚಾರ ಬೇರೆ.

ಕಿವಿಯೋ ಮೈಕೋ ಎಂಬ ಪ್ರಶ್ನೆಗೆ ನನಗೆ ಎರಡೂ ಬೇಕಾದವು. ಜಾಗ ಹುಡುಕಲು ಯುಎಸ್‌ಬಿ ಮೈಕ್ ಮತ್ತು ಕೋಣೆಯ ಸದ್ದನ್ನು ಅಳೆಯುವ, ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝಾರ್ಡ್ ತಂತ್ರಾಂಶ. ಮಟ್ಟ ಹೊಂದಿಸಲು ಕಿವಿ. ಸ್ಪೀಕರ್‌ಗಳನ್ನು ನಡೆಸುವ ರಿಸೀವರ್‌ನಲ್ಲಿ ಕ್ರಾಸ್‌ಓವರ್, ಅಂದರೆ ಯಾವ ಹರ್ಟ್ಸ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿಯನ್ನು, 80 ಹರ್ಟ್ಸ್‌ಗೆ ಇಟ್ಟು, ಪೆಟ್ಟಿಗೆಯ ಹಿಂದಿರುವ ಕ್ರಾಸ್‌ಓವರ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಎರಡು ಸೋಸುವಿಕೆಗಳು ಒಂದರ ಮೇಲೊಂದು ಬೀಳುತ್ತವೆ. ನಂತರ 80 ಹರ್ಟ್ಸ್‌ನ ಒಂದೇ ನಾದವನ್ನು ಹಾಕಿ ಸಬ್‌ವೂಫರ್‌ನ ಅಲೆಯನ್ನು ಸ್ಪೀಕರ್‌ಗಳ ಅಲೆಗೆ ಹೊಂದಿಸುವ ಫೇಸ್ ಗುಂಡಿಯನ್ನು 0 ಮತ್ತು 180 ಡಿಗ್ರಿಯ ನಡುವೆ ಬದಲಿಸಿ, ಸದ್ದು ಹೆಚ್ಚಾಗಿ ಕೇಳುವ ಕಡೆ ಬಿಡಬೇಕು. ಮಟ್ಟಕ್ಕೆ ನನ್ನ ಪರೀಕ್ಷೆ ಆಲಾಪ. ತಬಲಾ ಇನ್ನೂ ಸೇರದಿರುವಾಗ ಪೆಟ್ಟಿಗೆ ಯಾವ ಗೋಡೆಗಿದೆ ಎಂಬುದು ಕಣ್ಣು ಮುಚ್ಚಿದವರಿಗೆ ತಿಳಿದರೆ ಮಟ್ಟವನ್ನು ಒಂದೆರಡು ಡೆಸಿಬೆಲ್ ಇಳಿಸುತ್ತೇನೆ.