ಹಿನ್ನೀರಿನ ಬಯಲಲ್ಲಿ ಟೆಂಟ್: ಜಾಗಕ್ಕೆ ಫುಲ್ ಮಾರ್ಕ್ಸ್, ಟೆಂಟಿಗೆ ಜಸ್ಟ್ ಪಾಸ್

ಸಾಗರ ತಾಲೂಕಿನ ತುಮರಿ ಕಡೆ ಶರಾವತಿ ಹಿನ್ನೀರಿನ ದಂಡೆಯಲ್ಲಿ ಒಂದು ಮನೆಯವರು ನಡೆಸುವ ಟೆಂಟ್ ಕ್ಯಾಂಪ್ ಇದು. ಹೆಸರು ಬರೆಯಲ್ಲ, ಯಾಕಂದ್ರೆ ಬೈಯೋದೂ ಇದೆ, ಮನೆಯವರು ಮಾತ್ರ ತುಂಬಾ ಒಳ್ಳೆಯವರು. ಒಬ್ಬರಿಗೆ 1,200 ರೂಪಾಯಿ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ.

ನಮ್ಮ ಗ್ಯಾಂಗಿಗೆ ಹಿಡಿದಿದ್ದು ಜೈಸಲ್ಮೇರ್ ಹುಚ್ಚು. ಮರಳು ದಿಬ್ಬ, ಒಂಟೆ, ಟೆಂಟ್. ಶುಕ್ರವಾರ ಸಂಜೆ ಶಿವಮೊಗ್ಗದಲ್ಲಿ ಕೂತು ಸೋಮವಾರದೊಳಗೆ ರಾಜಸ್ಥಾನಕ್ಕೆ ಹೋಗಿ ಬರೋದು ಆಗುವ ಮಾತಾ? "ಬೇಸಿಗೇಲಿ ನಮ್ಮ ಹಿನ್ನೀರೇ ಮರಳುಗಾಡು ಕಣ್ರೋ, ನಡೀರಿ" ಅಂದ ಸಾಗರದ ಗೆಳೆಯ. ಅವನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಈ ಹಿನ್ನೀರು ನಿಲ್ಲಿಸಿರುವ ಲಿಂಗನಮಕ್ಕಿ ಅಣೆಕಟ್ಟಲ್ಲಿ ತುಂಬಿದಾಗ ಸಮುದ್ರ ಮಟ್ಟದಿಂದ 1,819 ಅಡಿವರೆಗೆ ನೀರು ನಿಲ್ಲುತ್ತದೆ, ಬೇಸಿಗೆ ಬಂತೆಂದರೆ ದಂಡೆಯಿಂದ ದೂರದವರೆಗೂ ಬರೀ ಬೋಳು ಕೆಂಪು ನೆಲ. ಬಿರುಕು ಬಿಟ್ಟ ಕೆಸರು, 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಕಪ್ಪು ಬೊಡ್ಡೆಗಳು. ನೀರು ತೀರಾ ಇಳಿದ ವರ್ಷ ಹಿರೇಭಾಸ್ಕರದ ಹಳೇ ಅಣೆಕಟ್ಟೂ ಮೇಲೆ ಕಾಣುತ್ತದೆ. ಡ್ಯಾಮಿನೊಳಗೆ ಡ್ಯಾಮ್ ಮುಳುಗಿರೋದು, ನೋಡಿ!

ದಾರಿ ಈಗ ಸಲೀಸು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಹಿನ್ನೀರು ದಾಟೋಕೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುವ ಗೋಳಿಲ್ಲ. ಲಾಂಚ್ ಪಯಣ ಮಿಸ್ ಆಯ್ತು ಅಂತ ನಮ್ಮಲ್ಲಿ ಒಬ್ಬಳು ಬೇಜಾರು ಮಾಡಿಕೊಂಡಳು, ಬಿಡಿ.

ಈಗ ಟೆಂಟಿನ ವಿಷಯ. ಒಂದೇ ಪದರದ ಅಗ್ಗದ ಟೆಂಟ್. ಜಿಪ್ಪಿನ ಹಿಡಿ ಮುರಿದು ಅದಕ್ಕೆ ಒಣ ಬಾಳೆಪಟ್ಟೆ ಕಟ್ಟಿದ್ದರು, ಜೋರಾಗಿ ಎಳೆದರೆ ಅದೂ ಕೈಗೇ ಬರುತ್ತಿತ್ತು. ಜಂಬಿಟ್ಟಿಗೆಯ ಗಟ್ಟಿ ನೆಲ, ಗೂಟ ಅರ್ಧ ಇಂಚೂ ಇಳಿಯದೆ ಬಾಗಿಹೋಯ್ತು, ಕೊನೆಗೆ ಮನೆಯ ಹುಡುಗ ನಾಲ್ಕು ಮೂಲೆಗೂ ಕಲ್ಲು ಹೇರಿದ. ಹಿನ್ನೀರಿನ ಮೇಲಿಂದ ಸಂಜೆ ಗಾಳಿ ಎದ್ದಾಗ ಆ ಕಲ್ಲುಗಳೇ ಕಾಪಾಡಿದ್ದು.

ರಾತ್ರಿ ಚಳಿ ಇರುತ್ತದೆ, ಬೇಸಿಗೆ ಅಂತ ಸುಮ್ನೆ ಬರೀ ಟೀ ಶರ್ಟಲ್ಲಿ ಹೋಗಬೇಡಿ. ಮೇಲೆ ಮರದ ಮುಚ್ಚಿಗೆ ಇಲ್ಲ, ಮೋಡ ಇಲ್ಲ, ಹಗಲು ಕಾದ ನೆಲ ಬೇಗ ಆರಿಬಿಡುತ್ತದೆ. ಮರಳುಗಾಡಿನ ಚಳಿಗೂ ಇದೇ ಕಾರಣ. ಆದರೆ ಇಲ್ಲಿ ಪಕ್ಕದಲ್ಲೇ ನೀರು, ಗಾಳಿ ತುಂಬಾ ತೇವ. ಅದರ ಜೊತೆ ಒಳಗೆ ಮಲಗಿದವರ ಉಸಿರೆಲ್ಲ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿ ಬೆಳಗಿನ ಜಾವ ಹಣೆ ಮೇಲೆ ತೊಟ್ಟಿಕ್ಕತೊಡಗಿತು. ಎರಡು ಪದರದ ಟೆಂಟಾಗಿದ್ದರೆ ಒಳಗೆ ಬಲೆ, ಮೇಲೊಂದು ಹೊದಿಕೆ, ನಡುವೆ ಗಾಳಿಯಾಡುವ ಜಾಗ, ಈ ರಗಳೆ ಇಷ್ಟು ಇರುತ್ತಿರಲಿಲ್ಲ. ಬಿಸಿಲೇರಿದ ಮೇಲಂತೂ ಒಳಗೆ ಕೂರೋಕಾಗಲ್ಲ, ಕಾವಲಿ ಮೇಲೆ ಕೂತ ಹಾಗೆ. ಹಾಸಿಗೆ ಅಂತ ಕೊಡುವ ಚಾಪೆ ತೆಳು. ನಿಮ್ಮದೇ ಒಂದು ದಪ್ಪ ಜಮಖಾನ ಒಯ್ಯಿರಿ.

ಊಟ ಮಾತ್ರ ಬೇರೇ ಲೆವೆಲ್. ಸೌದೆ ಒಲೆಯ ಅಕ್ಕಿ ರೊಟ್ಟಿ, ಕೋಳಿ ಸಾರು, ಮಾಂಸ ತಿನ್ನದವರಿಗೆ ಮಾವಿನಕಾಯಿಯ ತಿಳಿಸಾರು ಅಪ್ಪೆಹುಳಿ, ಅನ್ನ. ಇಂಗು ಸಾಸಿವೆ ಒಗ್ಗರಣೆ ಬಿದ್ದ ಆ ಅಪ್ಪೆಹುಳಿಯನ್ನು ಕೋಳಿ ತಿನ್ನುವವರೂ ಲೋಟಕ್ಕೆ ಹಾಕಿಸಿಕೊಂಡು ಕುಡಿದರು. "ಇನ್ನೊಂಚೂರು ಹಾಕ್ಲಾ ತಮ್ಮಾ?" ಅಂತ ಅಕ್ಕ ಕೇಳುತ್ತಲೇ ಇದ್ದರು, ಬೇಡ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ. ಬೆಳಿಗ್ಗೆ ತೆಳ್ಳೇವು ಅನ್ನೋ ತೆಳು ದೋಸೆ, ಜೋನಿ ಬೆಲ್ಲ.

ಒಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಕಾಡಿನ ದಾರಿಯಲ್ಲಿ ಸುತ್ತಾಡಿಸಿದರು, ಮಂಗನ ಕಾಯಿಲೆ ಬಗ್ಗೆ ಒಂದು ಮಾತೂ ಎತ್ತಲಿಲ್ಲ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಮೊದಲು ಗುರುತಾದ ಕಾಯಿಲೆ ಅದು, ಉಣುಗಿನಿಂದ ಹರಡುತ್ತದೆ, ಜಾಸ್ತಿ ಕಾಣಿಸಿಕೊಳ್ಳೋದೇ ಚಳಿಗಾಲದಿಂದ ಬೇಸಿಗೆವರೆಗೆ. ಊರಿನವರಿಗೆ ಗೊತ್ತಿರುತ್ತದೆ, ಬೆಂಗಳೂರಿಂದ ಬಂದವರು ಚಡ್ಡಿ ಹಾಕಿಕೊಂಡು ತರಗೆಲೆ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬರುವವರಿಗೆ ಮೊದಲೇ ಹೇಳಿ, ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚೋಕೆ ಡೇಪಾ ಎಣ್ಣೆ ಕೊಡೋದು ಅಂಥ ಕಷ್ಟದ ಕೆಲಸವಾ? ನೀವು ಹೋದರೆ ಉದ್ದ ಪ್ಯಾಂಟ್ ಹಾಕಿ, ಕಾಡಿಗಿಂತ ಬಯಲಲ್ಲೇ ಓಡಾಡಿ, ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ.

ಬಚ್ಚಲು, ಟಾಯ್ಲೆಟ್ ಮನೆಯ ಹಿತ್ತಲಲ್ಲಿ, ಕ್ಲೀನಾಗಿದೆ. ಟೆಂಟಿಂದ ಸ್ವಲ್ಪ ದೂರ, ಟಾರ್ಚ್ ಬೇಕು. ಸ್ವಂತ ಟೆಂಟ್ ತಂದರೆ ದುಡ್ಡು ಕಡಿಮೆ ಮಾಡುತ್ತಾರೆ, ಹಾಗೇ ಹೋಗೋದು ಒಳ್ಳೇದು. ಕ್ಯಾಶ್ ಮರೀಬೇಡಿ, ಫೋನ್ ಪೇ ನಂಬಿಕೊಂಡು ಹೋದರೆ ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಬೇಕಾಗುತ್ತದೆ.