ಮಾಜಿ ಆಟಗಾರರ ಫುಟ್ಬಾಲ್ ಕ್ಲಾಸು: ಪಾಠ ಸೂಪರ್, ಆಫೀಸು ವ್ಯವಹಾರ ಸುಮಾರು

ಬೆಂಗಳೂರು ಪೂರ್ವದ ಒಂದು ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಶನಿವಾರ, ಭಾನುವಾರ ಬೆಳಿಗ್ಗೆ ನಡೆಯುವ ಮಕ್ಕಳ ಫುಟ್ಬಾಲ್ ಕ್ಲಾಸಿನ ಬಗ್ಗೆ ಬರೆಯುತ್ತಿದ್ದೇನೆ. ಕೆಳಗೆ ದೂರೂ ಇರುವುದರಿಂದ ಹೆಸರು ಬೇಡ. ನಡೆಸುವವರು ಹಿಂದೆ ಹೊರಗಿನ ರಾಜ್ಯದ ಕ್ಲಬ್‌ಗಳಲ್ಲಿ ಸಂಬಳಕ್ಕೆ ಆಡಿದವರು, ಮಂಡಿ ಕೈಕೊಟ್ಟ ಮೇಲೆ ಕೋಚಿಂಗ್ ಹಿಡಿದರು. ಹನ್ನೊಂದು ವರ್ಷದ ನನ್ನ ಮಗಳು ಅಲ್ಲಿ ಕಲಿಯುತ್ತಿದ್ದಾಳೆ. ಸರ್ ಮೈದಾನದಲ್ಲಿ ಇದ್ದ ದಿನ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಇಲ್ಲದ ದಿನ ಬೇರೆ ಕತೆ.

ಗೇಟಿನ ಫ್ಲೆಕ್ಸ್ ಮೇಲೆ ಅವರು ಜೆರ್ಸಿ ಹಾಕಿರುವ ಹಳೇ ಫೋಟೋ ಇದೆ. ಬಹಳಷ್ಟು ಅಪ್ಪ ಅಮ್ಮಂದಿರು ಅದನ್ನು ನೋಡಿಯೇ ಫೀಸು ಕಟ್ಟುತ್ತಾರೆ. ನಾನು ಕೇಳಿದ್ದು ಕೋಚಿಂಗ್ ಲೈಸೆನ್ಸ್ ಯಾವುದು ಅಂತ. ನಮ್ಮಲ್ಲಿ ಭಾರತದ ಫುಟ್ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಡಿ, ಆಮೇಲೆ ಏಷ್ಯಾದ ಸಂಸ್ಥೆ ಎಎಫ್‌ಸಿಯ ಸಿ, ಬಿ, ಎ, ಕೊನೆಗೆ ಪ್ರೊ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಎಷ್ಟೇ ದೊಡ್ಡ ಆಟಗಾರ ಆಗಿದ್ದರೂ ದೇಶದ ದೊಡ್ಡ ಲೀಗ್ ಆದ ಐಎಸ್‌ಎಲ್ ತಂಡದ ಮುಖ್ಯ ಕೋಚ್ ಆಗಬೇಕಾದರೆ ಪ್ರೊ ಬೇಕು. ಇವರದು ಬಿ ಮುಗಿದಿದೆ, ಎ ನಡೆಯುತ್ತಿದೆ. ಬೇಜಾರು ಮಾಡಿಕೊಳ್ಳದೆ ಸರ್ಟಿಫಿಕೇಟ್ ತೋರಿಸಿದರು. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರ ಹತ್ತಿರ ಮಕ್ಕಳನ್ನು ಬಿಡಬೇಡಿ.

ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತೇನೂ ಇಲ್ಲ, ಅಲ್ವಾ? ಖಾಲಿದ್ ಜಮೀಲ್ ಅವರನ್ನು ನೋಡಿ. ಆಡುವ ಕಾಲದಲ್ಲಿ ಗಾಯಗಳೇ ಜಾಸ್ತಿ ಕಾಡಿದವು. ಕೋಚ್ ಆಗಿ 2017ರಲ್ಲಿ ಮಿಜೋರಾಂನ ಐಜಾಲ್‌ನಂಥ ಸಣ್ಣ ತಂಡಕ್ಕೆ ಆಗಿನ ದೇಶದ ಮುಖ್ಯ ಲೀಗ್ ಐ-ಲೀಗ್ ಗೆದ್ದುಕೊಟ್ಟರು, 2025ರಲ್ಲಿ ಭಾರತ ತಂಡದ ಕೋಚ್ ಆದರು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಆಟದಲ್ಲೂ ದೊಡ್ಡ ಹೆಸರು. 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ತಂಡದ ಎದುರು ಹ್ಯಾಟ್ರಿಕ್ (ಒಂದೇ ಮ್ಯಾಚಲ್ಲಿ ಮೂರು ಗೋಲು) ಹೊಡೆದವರು, ಭಾರತದ ನಾಯಕರೂ ಆಗಿದ್ದವರು. ಆಟ ಬಿಟ್ಟ ಮೇಲೆ ತಾವೇ ಕಲಿತಿದ್ದ ಟಾಟಾ ಫುಟ್ಬಾಲ್ ಅಕಾಡೆಮಿಗೆ ಹುಡುಗರಿಗೆ ಕಲಿಸಲು ಹೋದರು. 2020ರಲ್ಲಿ, ಇನ್ನೂ 49 ವರ್ಷಕ್ಕೇ, ತೀರಿಕೊಂಡರು. ಈಗಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಈ ಸರ್ ವಾರ್ಮ್‌ಅಪ್ ಮಧ್ಯೆ ಅವರ ಕತೆ ಹೇಳುತ್ತಾರೆ, ಅದೊಂದು ನನಗೆ ತುಂಬಾ ಇಷ್ಟ.

ಈಗ ಕ್ಲಾಸಿನ ವಿಷಯ. ಮೈದಾನಕ್ಕೆ ರೌಂಡು ಹೊಡೆಸುವುದಿಲ್ಲ. ಸಾಲಿನಲ್ಲಿ ನಿಂತು ತನ್ನ ಸರದಿಗೆ ಕಾಯುವುದೂ ಇಲ್ಲ, ಒಬ್ಬೊಬ್ಬರಿಗೂ ಒಂದೊಂದು ಬಾಲ್. ಅದೂ ಈ ವಯಸ್ಸಿಗೆ ಸರಿಯಾದ 4ನೇ ಸೈಜಿನದು, ದೊಡ್ಡವರ 5 ಅಲ್ಲ. ಆಮೇಲೆ ಕೋನ್ ಇಟ್ಟು ಸಣ್ಣ ಸಣ್ಣ ಜಾಗ ಮಾಡಿ ನಾಲ್ಕು ನಾಲ್ಕು ಜನರ ಆಟ ಆಡಿಸುತ್ತಾರೆ. ದೊಡ್ಡ ಮೈದಾನದಲ್ಲಿ ಹನ್ನೊಂದು ಜನರನ್ನು ಬಿಟ್ಟರೆ ಜೋರಾಗಿ ಓಡುವ ಇಬ್ಬರು ಹುಡುಗರ ಕಾಲಲ್ಲೇ ಬಾಲ್ ಇರುತ್ತದೆ, ಉಳಿದವರು ಸುಮ್ನೆ ಹಿಂದೆ ಮುಂದೆ ಓಡಾಡುತ್ತಾರೆ. ಇಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗಲ್ಲ. ಚಿಕ್ಕವರಿಗೆ ಹೆಡಿಂಗ್, ಅಂದರೆ ತಲೆಯಿಂದ ಬಾಲ್ ಹೊಡೆಯುವುದು, ಮಾಡಿಸುವುದಿಲ್ಲ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಹೆಡಿಂಗ್ ಬೇಡ ಎಂಬ ನಿಯಮ ಬಂದಿದ್ದು 2015ರಲ್ಲಿ. ನಮ್ಮ ಎಷ್ಟೋ ಮೈದಾನಗಳಲ್ಲಿ ಇನ್ನೂ ಆರು ವರ್ಷದ ಮಗುವಿನ ತಲೆಗೆ ಬಾಲ್ ಎಸೆಯುತ್ತಾರೆ.

ಪಾಸ್ ತಪ್ಪಿದರೆ ಸರ್ ಬೈಯುವುದಿಲ್ಲ. ಆಟ ನಿಲ್ಲಿಸಿ, "ಬಾಲ್ ಬರೋ ಮುಂಚೆ ಎಲ್ಲಿ ನೋಡ್ತಿದ್ದೆ ಮರಿ?" ಅಂತ ಕೇಳುತ್ತಾರೆ. ನಮ್ಮ ಕಣ್ಣು ಕಾಲಿನ ಮೇಲೆ ಇರುತ್ತದೆ, ಅವರದು ಮಗುವಿನ ಕುತ್ತಿಗೆ ಮೇಲೆ. ಬಾಲ್ ಬರುವ ಮೊದಲು ಹಿಂದೆ ತಿರುಗಿ ನೋಡಿದಳಾ ಇಲ್ಲವಾ, ಅಷ್ಟೇ. ಈಗ ನನ್ನ ಮಗಳು ಎರಡು ಸಲ ನೋಡಿ ಆಮೇಲೆ ಬಾಲ್ ತಗೊಳ್ಳುತ್ತಾಳೆ. ಪುಸ್ತಕ ಓದಿ ಕೋಚ್ ಆದವರಿಗೂ ಇದು ಗೊತ್ತಿರಬಹುದು. ಆದರೆ ಎದುರಾಳಿ ಹಿಂದಿನಿಂದ ಬಂದು ಕಾಲು ಅಡ್ಡ ಹಾಕಿ ಬೀಳಿಸಿದ ಅನುಭವ ಇರುವವರು ಹೇಳಿದರೆ ಮಕ್ಕಳು ಬೇರೆ ಥರ ಕೇಳುತ್ತಾರೆ.

ಕೊರತೆಯೂ ಅಲ್ಲೇ ಇದೆ. ಬಾಲ್ ಎಳೆದು ತಿರುಗುವುದನ್ನು ಅವರು ಮಾಡಿ ತೋರಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಯಾರಿಗೂ ಏನೂ ಗೊತ್ತಾಗಿರುವುದಿಲ್ಲ. ಹೇಗೆ ಸರ್ ಅಂದರೆ "ಹಿಂಗೆ, ಅಷ್ಟೇ" ಅನ್ನುತ್ತಾರೆ. ಅವರ ಕಾಲಿಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಜೊತೆಗಿರುವ ಸಹಾಯಕಿ, ದೈಹಿಕ ಶಿಕ್ಷಣದ ಬಿಪಿಇಡಿ ಓದುತ್ತಿರುವ ಹುಡುಗಿ, ಅದನ್ನೇ ಬಿಡಿಸಿ ಬಿಡಿಸಿ ಹೇಳಿಕೊಡುತ್ತಾಳೆ: ಮೊದಲು ನಿಂತ ಕಾಲು, ಆಮೇಲೆ ಪಾದದ ಅಡಿ, ಆಮೇಲೆ ಭುಜ. ಅವಳ ಸಂಬಳ ಜಾಸ್ತಿ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಇನ್ನು ದೂರು. ಫೀಸು ಮೂರು ತಿಂಗಳದ್ದು ಮೊದಲೇ ಕಟ್ಟಬೇಕು, ಸೇರುವಾಗ ಸರ್ ಖುದ್ದಾಗಿ ಕಲಿಸುತ್ತಾರೆ ಅಂತಲೇ ಹೇಳುತ್ತಾರೆ. ಆದರೆ ಲೈಸೆನ್ಸ್ ಕೋರ್ಸು, ಲೀಗ್ ಮ್ಯಾಚು ಅಂತ ಅವರು ಆಗಾಗ ಇರುವುದಿಲ್ಲ, ಆವತ್ತು ಎರಡು ಬ್ಯಾಚ್ ಒಟ್ಟು ಸೇರಿಸಿ ಸುಮ್ನೆ ಮ್ಯಾಚ್ ಆಡಿಸಿ ಕಳಿಸುತ್ತಾರೆ, ಮೊದಲೇ ಹೇಳುವುದೂ ಇಲ್ಲ. ಮಳೆ ಬಂದರೆ ಕ್ಲಾಸ್ ರದ್ದಾದ ಮೆಸೇಜು ನಾವು ಟರ್ಫ್ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಬರುತ್ತದೆ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಸರಿಯಾದ ಜಾಗ ಇಲ್ಲ, ಇದನ್ನು ಕೇಳಿ ಕೇಳಿ ಸಾಕಾಗಿದೆ.

ನಾನಂತೂ ಮುಂದಿನ ಮೂರು ತಿಂಗಳಿಗೂ ಫೀಸು ಕಟ್ಟಿದ್ದೇನೆ. ಮೆಡಲ್ ಬೇಕು, ಬೇಗ ಸೆಲೆಕ್ಷನ್ ಆಗಬೇಕು ಅನ್ನುವವರಿಗೆ ಇದು ಹಿಡಿಸಲ್ಲ. ಸೇರುವುದಾದರೆ ಏಳು ಗಂಟೆಯ ಬ್ಯಾಚ್ ತಗೊಳ್ಳಿ, ಒಂಬತ್ತಕ್ಕೆಲ್ಲ ಟರ್ಫ್ ಕಾಲು ಸುಡುತ್ತದೆ. ಮೊಣಕಾಲ ಕೆಳಗೆ ಕಟ್ಟುವ ಶಿನ್ ಗಾರ್ಡ್ ಹೊರಗಡೆ ಕೊಂಡುಕೊಳ್ಳಿ, ಅಲ್ಲಿ ಮಾರುವುದರ ಪಟ್ಟಿ ಬೇಗ ಕಿತ್ತುಬರುತ್ತದೆ.